ಬೇಸ್‌ಮೆಂಟ್ ತೋಡಲು ನೆಲದಡಿಯ ನೀರಿನ ಮಟ್ಟ ಇಳಿಸಿದರೆ ಪಕ್ಕದ ಮನೆ ಯಾಕೆ ಬಿರುಕು ಬಿಡುತ್ತದೆ?

ಒಂದು ಮನೆಗೆ ಬೇಸ್‌ಮೆಂಟ್ ತೋಡುತ್ತಿದ್ದಾರೆ. ಎರಡು ಮೀಟರ್ ಇಳಿಯುವಷ್ಟರಲ್ಲಿ ಗುಂಡಿಗೆ ನೀರು ನುಗ್ಗಿತು. ಪಂಪ್ ಇಟ್ಟರು. ಹಗಲೂ ರಾತ್ರಿ ನೀರು ಚರಂಡಿಗೆ ಹರಿಯಿತು. ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಿತು, ಅದರಾಚೆಯ ಮನೆಯ ಬಾವಿಯಲ್ಲಿ ನೀರು ತಳ ಸೇರಿತು. ಊರು, ದೇಶ ಬೇರೆ ಬೇರೆಯಾದರೂ ಇಂಥ ಸುದ್ದಿ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಓದುವವರಿಗೆ ಗೊಂದಲ ಆಗುವುದು ಆಮೇಲೆ ಬರುವ ಹೇಳಿಕೆಗಳಿಂದ. ‘ಇದು ತಾತ್ಕಾಲಿಕ, ಪಂಪ್ ನಿಲ್ಲಿಸಿದರೆ ನೀರು ತಾನಾಗಿ ವಾಪಸ್ ಬರುತ್ತದೆ’ ಅಂತ ಕಟ್ಟಿಸುವವರು ಹೇಳುತ್ತಾರೆ. ‘ನೀರು ಬರಬಹುದು, ನಮ್ಮ ಗೋಡೆ ಮೊದಲಿನ ಹಾಗೆ ಆಗುತ್ತದಾ?’ ಅಂತ ಪಕ್ಕದವರು ಕೇಳುತ್ತಾರೆ. ಯಾರ ಮಾತು ನಂಬುವುದು? ಇಬ್ಬರ ಮಾತಿನಲ್ಲೂ ಸತ್ಯ ಇದೆ. ಎಲ್ಲಿಯವರೆಗೆ ಯಾರ ಮಾತು ಸರಿ ಅನ್ನುವುದನ್ನು ಆ ಜಾಗದ ಮಣ್ಣು ಹೇಳುತ್ತದೆ. ಅದಕ್ಕೇ ಮಣ್ಣಿನಿಂದ ಶುರು ಮಾಡೋಣ.

ನೀರು ಇರುವುದು ಕಾಳುಗಳ ನಡುವೆ

ನೆಲದಡಿ ನದಿ ಹರಿಯುತ್ತಿರುತ್ತದೆ ಎಂದು ತುಂಬ ಜನ ಊಹಿಸಿಕೊಳ್ಳುತ್ತಾರೆ. ಬಹಳಷ್ಟು ಕಡೆ ಹಾಗಿರುವುದಿಲ್ಲ. ಮಣ್ಣಿನ ಕಾಳುಗಳ ನಡುವಿನ ಸಂದಿಗಳಲ್ಲಿ ನೀರು ತುಂಬಿಕೊಂಡಿರುತ್ತದೆ. ಒಂದು ಆಳದಿಂದ ಕೆಳಗೆ ಎಲ್ಲ ಸಂದಿಗಳೂ ನೀರಿನಿಂದ ತುಂಬಿರುತ್ತವೆ. ಆ ಮಟ್ಟಕ್ಕೇ ಅಂತರ್ಜಲ ಮಟ್ಟ ಅನ್ನುವುದು. ತೆರೆದ ಬಾವಿಯಲ್ಲಿ ಕಾಣುವ ನೀರಿನ ಮೇಲ್ಮೈ ಸಾಮಾನ್ಯವಾಗಿ ಅದೇ.

ಈ ನೀರು ಎಷ್ಟು ಬೇಗ ಚಲಿಸುತ್ತದೆ ಅನ್ನುವುದರಲ್ಲಿ ಮಣ್ಣಿಂದ ಮಣ್ಣಿಗೆ ಅಜಗಜಾಂತರ. ಹೆನ್ರಿ ಡಾರ್ಸಿ ಎಂಬ ಫ್ರೆಂಚ್ ಎಂಜಿನಿಯರ್ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ, 1856ರಲ್ಲಿ ಅದರ ನಿಯಮವನ್ನು ಪ್ರಕಟಿಸಿದರು. ನೀರಿನ ಮಟ್ಟದ ಇಳಿಜಾರು ಜಾಸ್ತಿ ಆದಷ್ಟೂ ಹರಿವು ಜಾಸ್ತಿ. ಮಣ್ಣು ಸಡಿಲವಾಗಿದ್ದಷ್ಟೂ ಹರಿವು ಜಾಸ್ತಿ. ಜಲ್ಲಿ, ಒರಟು ಮರಳಿನಲ್ಲಿ ನೀರು ಸಲೀಸಾಗಿ ಓಡಿದರೆ, ಗಟ್ಟಿ ಜೇಡಿಮಣ್ಣಿನಲ್ಲಿ ಅದರ ವೇಗ ಹತ್ತು ಲಕ್ಷ ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಒಂದೇ ಪಂಪ್, ಒಂದೇ ಆಳ, ಒಂದೇ ಗುಂಡಿ ಇದ್ದರೂ ಎರಡು ಜಾಗಗಳಲ್ಲಿ ಫಲಿತಾಂಶ ಪೂರ್ತಿ ಬೇರೆ ಆಗುವುದು ಈ ಕಾರಣಕ್ಕೆ.

ನೀರು ಇಳಿಸದೆ ತೋಡಿದರೆ?

ಕಟ್ಟುವವರು ಸುಮ್ನೆ ಹಠಕ್ಕೆ ನೀರು ಎತ್ತುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿದರೆ ಬದಿಯಿಂದಲೂ ತಳದಿಂದಲೂ ನೀರು ನುಗ್ಗುತ್ತದೆ. ಬದಿಯ ಮಣ್ಣು ನೆನೆದು ಜಾರುತ್ತದೆ. ತಳದ ಮರಳು ಮೇಲಕ್ಕೆ ಉಕ್ಕುತ್ತದೆ, ಪಾತ್ರೆಯಲ್ಲಿ ಗಂಜಿ ಕುದಿಯುವ ಹಾಗೆ. ಅಂಥ ತಳದ ಮೇಲೆ ನಿಲ್ಲಲೂ ಆಗುವುದಿಲ್ಲ, ಕಾಂಕ್ರೀಟು ಹಾಕಲೂ ಆಗುವುದಿಲ್ಲ. ಗುಂಡಿಯೊಳಗೆ ಕೆಲಸ ಮಾಡುವವರ ಜೀವಕ್ಕೇ ಅಪಾಯ.

ಇನ್ನೊಂದು ಅಪಾಯ ಕಣ್ಣಿಗೇ ಕಾಣುವುದಿಲ್ಲ. ಗುಂಡಿಯ ತಳದಲ್ಲಿ ಜೇಡಿಮಣ್ಣಿನ ಪದರ, ಅದರ ಕೆಳಗೆ ನೀರು ತುಂಬಿದ ಮರಳು ಇದೆ ಅಂದುಕೊಳ್ಳಿ. ಗುಂಡಿ ಒಣಗಿಯೇ ಇರುತ್ತದೆ. ಆದರೆ ಕೆಳಗಿನ ನೀರು ಒತ್ತಡದಲ್ಲಿದ್ದು ಜೇಡಿ ಪದರವನ್ನು ಮೇಲಕ್ಕೆ ನೂಕುತ್ತಿರುತ್ತದೆ. ತೋಡಿದ ಮೇಲೆ ಜೇಡಿ 1.5 ಮೀಟರ್ ಮಾತ್ರ ಉಳಿದಿದ್ದರೆ ಪ್ರತಿ ಚದರ ಮೀಟರಿಗೆ ಅದರ ತೂಕ ಹತ್ತಿರ ಹತ್ತಿರ 2.9 ಟನ್. ಕೆಳಗಿನ ನೀರಿಗೆ 3.5 ಮೀಟರ್ ಎತ್ತರಕ್ಕೆ ಏರುವ ಒತ್ತಡ ಇದ್ದರೆ ಅದು 3.5 ಟನ್ ಬಲದಿಂದ ನೂಕುತ್ತದೆ. ತಳ ಒಡೆದು ನೀರು ಚಿಮ್ಮುತ್ತದೆ. ಆದ್ದರಿಂದ ಗುಂಡಿ ಒಣಗಿದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ನಂಬುವ ಹಾಗಿಲ್ಲ. ಇಂಥ ಕಡೆ ಕೆಳಗಿನ ಮರಳಿನವರೆಗೆ ಬಾವಿ ಕೊರೆದು ಆ ಒತ್ತಡವನ್ನೇ ಇಳಿಸಬೇಕಾಗುತ್ತದೆ.

ಇಳಿಸುವ ದಾರಿಗಳು

ಎಲ್ಲಕ್ಕಿಂತ ಸರಳವಾದದ್ದು ಗುಂಡಿಯ ಮೂಲೆಯಲ್ಲಿ ಇನ್ನೊಂದು ಚಿಕ್ಕ ಗುಂಡಿ ತೆಗೆದು, ಅಲ್ಲಿ ಸೇರಿದ ನೀರನ್ನು ಪಂಪ್ ಮಾಡುವುದು. ನೀರು ಕಡಿಮೆ ಇದ್ದು ಮಣ್ಣು ಗಟ್ಟಿ ಇದ್ದರೆ ಇಷ್ಟು ಸಾಕು. ಸಣ್ಣ ಮರಳಿನಲ್ಲಿ ಇದೇ ವಿಧಾನ ಕೆಟ್ಟದು. ನೀರು ಗುಂಡಿಯೊಳಕ್ಕೇ ಹರಿದು ಬರಬೇಕಾದ್ದರಿಂದ ಜೊತೆಗೆ ಮಣ್ಣನ್ನೂ ಎಳೆದು ತರುತ್ತದೆ.

ಎರಡನೆಯದು ವೆಲ್‌ಪಾಯಿಂಟ್. ಗುಂಡಿಯ ಸುತ್ತ ಸಣ್ಣ ಕೊಳವೆಗಳನ್ನು ಸಾಲಾಗಿ ಇಳಿಸಿ, ಎಲ್ಲವನ್ನೂ ಒಂದು ದೊಡ್ಡ ಪೈಪಿಗೆ ಸೇರಿಸಿ, ಮೇಲಿಂದ ಹೀರುತ್ತಾರೆ. ಇಲ್ಲಿ ತೋಡುವ ಮೊದಲೇ ನೀರು ಇಳಿದಿರುತ್ತದೆ. ಆದರೆ ಹೀರಿ ಎತ್ತುವುದಕ್ಕೆ ಒಂದು ಮಿತಿ ಇದೆ. ಗಾಳಿಯ ಒತ್ತಡದ ಲೆಕ್ಕದಲ್ಲಿ ಅದು ಸುಮಾರು 10 ಮೀಟರ್, ಕೆಲಸದಲ್ಲಿ ಸಿಗುವುದು 5–6 ಮೀಟರ್ ಮಾತ್ರ. ಅದಕ್ಕಿಂತ ಆಳ ಬೇಕಾದರೆ ಒಳಗೇ ಸಬ್‌ಮರ್ಸಿಬಲ್ ಪಂಪ್ ಇಟ್ಟ ಆಳದ ಬಾವಿಗಳು ಬೇಕು.

ಪಂಪಿನ ಪರಿಣಾಮ ಎಷ್ಟು ದೂರ?

ಬಾವಿಯಿಂದ ನೀರು ಎತ್ತಿದಾಗ ಸುತ್ತಲಿನ ಅಂತರ್ಜಲ ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಬಾವಿಯ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ. ಈ ಆಲಿಕೆ ನಿವೇಶನದ ಬೇಲಿಗೆ ಬಂದು ನಿಲ್ಲುವುದಿಲ್ಲ.

ಎಷ್ಟು ದೂರ ಹರಡುತ್ತದೆ ಅನ್ನುವುದಕ್ಕೆ ಎಂಜಿನಿಯರುಗಳು ಬಳಸುವ ಹಳೆಯ ಒರಟು ಸೂತ್ರ ಒಂದಿದೆ. ನೀರನ್ನು 2 ಮೀಟರ್ ಇಳಿಸಿದರೆ ನಯವಾದ ಹೂಳು ಮಣ್ಣಿನಲ್ಲಿ ಅದು ಸುಮಾರು 6 ಮೀಟರ್ ತೋರಿಸುತ್ತದೆ. ಮಧ್ಯಮ ಮರಳಿನಲ್ಲಿ 60 ಮೀಟರ್, ಜಲ್ಲಿ ಬೆರೆತ ಒರಟು ಮರಳಿನಲ್ಲಿ ಹತ್ತಿರ ಹತ್ತಿರ 190 ಮೀಟರ್. ಇದನ್ನು ಅಂದಾಜು ಅಂತಲೇ ನೋಡಬೇಕು. ಹತ್ತಿರದಲ್ಲಿ ಕೆರೆಯೋ ಹೊಳೆಯೋ ಇದ್ದರೆ, ಮಣ್ಣಿನ ಪದರಗಳು ಬದಲಾದರೆ, ಪಂಪ್ ತಿಂಗಳುಗಟ್ಟಲೆ ಓಡಿದರೆ ಲೆಕ್ಕ ಬದಲಾಗುತ್ತದೆ. ಆದರೂ ಒಂದು ವಿಷಯ ಇದರಿಂದ ಸ್ಪಷ್ಟ. ಮರಳು ನೆಲದಲ್ಲಿ ಒಂದು ಮನೆಯ ಗುಂಡಿ ಇಡೀ ಬೀದಿಯ ನೀರಿನ ಮಟ್ಟವನ್ನು ಅಲ್ಲಾಡಿಸಬಲ್ಲದು. ಬಾವಿ ಬತ್ತಿದ ದೂರು ಬಂದಾಗ ‘ಅಷ್ಟು ದೂರದ ಬಾವಿಗೂ ನಮಗೂ ಏನು ಸಂಬಂಧ’ ಅಂತ ತಳ್ಳಿಹಾಕುವ ಮೊದಲು ಮಣ್ಣು ಯಾವುದು ಅಂತ ನೋಡಬೇಕು.

ನೀರು ಹೋದರೆ ನೆಲ ಯಾಕೆ ಕೂರುತ್ತದೆ

ಜಗಳದ ಬೇರು ಇರುವುದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ನೀರು ತುಂಬಿದ ಮಣ್ಣಿನಲ್ಲಿ ಮೇಲಿನ ಭಾರವನ್ನು ಇಬ್ಬರು ಹೊರುತ್ತಾರೆ: ಮಣ್ಣಿನ ಕಾಳುಗಳು ಮತ್ತು ಸಂದಿಗಳಲ್ಲಿರುವ ನೀರು. ಮಣ್ಣಿನ ಎಂಜಿನಿಯರಿಂಗಿಗೆ ತಳಹದಿ ಹಾಕಿದ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ನೀರಿನ ಮಟ್ಟ 1 ಮೀಟರ್ ಇಳಿದರೆ ನೀರು ಹೊರುತ್ತಿದ್ದ ಪಾಲು ಕಾಳುಗಳ ಮೇಲೆ ಬೀಳುತ್ತದೆ. ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 1 ಟನ್. 3 ಮೀಟರ್ ಇಳಿಸಿದರೆ 3 ಟನ್. ಯಾರೂ ಒಂದು ಇಟ್ಟಿಗೆ ಇಡದೆಯೂ ನೆಲದ ಮೇಲೆ ಹೊಸ ಮಹಡಿ ಕಟ್ಟಿದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಭಾರ ಏರಿದಂತೆ ಆಗುತ್ತದೆ.

ಗಟ್ಟಿಯಾಗಿ ಅಡಕವಾದ ಮರಳು ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಕೆಲವೇ ಮಿಲಿಮೀಟರ್ ಕೂರುತ್ತದೆ, ಅದೂ ಪಂಪ್ ಶುರುವಾದ ಕೂಡಲೇ. ಮೆತ್ತನೆಯ ಜೇಡಿಮಣ್ಣು ಹಾಗಲ್ಲ. ಒದ್ದೆ ಸ್ಪಂಜನ್ನು ಮೆಲ್ಲಗೆ ಅದುಮಿದ ಹಾಗೆ, ಒಳಗಿನ ನೀರು ಹೊರಗೆ ಹೋದಷ್ಟು ಹೋದಷ್ಟು ಕೂರುತ್ತಾ ಹೋಗುತ್ತದೆ. ಕೊಳೆತ ಸೊಪ್ಪು ಬೇರುಗಳಿಂದ ಆದ ಕಪ್ಪು ಜೌಗು ಮಣ್ಣು ಇನ್ನೂ ಕೆಟ್ಟದು. ಸ್ಪಂಜಿಗೂ ಇವಕ್ಕೂ ಒಂದು ವ್ಯತ್ಯಾಸ ಇದೆ. ಕೈ ಬಿಟ್ಟರೆ ಸ್ಪಂಜು ಮತ್ತೆ ಉಬ್ಬುತ್ತದೆ. ಜೇಡಿ ಹಾಗೆ ಉಬ್ಬುವುದಿಲ್ಲ. ಪಂಪ್ ನಿಂತು ನೀರು ಪೂರ್ತಿ ವಾಪಸ್ ಬಂದರೂ ಇಳಿದದ್ದರಲ್ಲಿ ಸಣ್ಣ ಪಾಲು ಮಾತ್ರ ಮೇಲೇಳುತ್ತದೆ. ‘ತಾತ್ಕಾಲಿಕ’ ಅನ್ನುವ ಮಾತು ನೀರಿಗೆ ಸರಿ, ಜೇಡಿ ನೆಲಕ್ಕೆ ಸರಿಯಲ್ಲ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂದುಕೊಳ್ಳುವುದು ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದೆ ಇರುವುದರಿಂದ.

ಕಟ್ಟಿಸುವವರ ಪರವಾಗಿಯೂ ಎರಡು ಗಟ್ಟಿ ವಾದಗಳಿವೆ. ಒಂದು, ಜೇಡಿ ಕೂರಲು ಸಮಯ ಬೇಕು. ಪದರದ ದಪ್ಪ ಎರಡು ಪಟ್ಟಾದರೆ ಬೇಕಾಗುವ ಸಮಯ ನಾಲ್ಕು ಪಟ್ಟು. ದಪ್ಪ ಪದರದ ಮೇಲೆ ಕೆಲವೇ ವಾರ ಪಂಪ್ ಓಡಿಸಿ ನಿಲ್ಲಿಸಿದರೆ ಆಗಬಹುದಾದ ಕುಸಿತದಲ್ಲಿ ಸ್ವಲ್ಪವೇ ಆಗಿರುತ್ತದೆ. ಎರಡು, ಮಣ್ಣಿಗೆ ನೆನಪಿದೆ. ಹಿಂದೆ ಯಾವಾಗಲೋ ಬರಗಾಲದಲ್ಲಿ ನೀರು ಇದಕ್ಕಿಂತ ಕೆಳಗೆ ಹೋಗಿದ್ದರೆ ಆ ಭಾರವನ್ನು ಮಣ್ಣು ಆಗಲೇ ಹೊತ್ತಿರುತ್ತದೆ. ಮತ್ತೆ ಅದೇ ಮಟ್ಟಕ್ಕೆ ಇಳಿಸಿದರೆ ಹೊಸದಾಗಿ ಕೂರುವುದು ತೀರಾ ಕಡಿಮೆ. ಈ ಎರಡೂ ಮಾತು ನಿಜ. ಆದರೆ ಮೊದಲನೆಯದು ನಿಲ್ಲಬೇಕಾದರೆ ಕೆಲಸ ಹೇಳಿದ ದಿನಕ್ಕೆ ಮುಗಿಯಬೇಕು. ದುಡ್ಡಿಲ್ಲದೆಯೋ ಗುತ್ತಿಗೆದಾರ ಬದಲಾಗಿಯೋ ಕೆಲಸ ನಿಂತು, ಪಂಪ್ ಮಾತ್ರ ಓಡುತ್ತಿದ್ದರೆ ಆ ವಾದ ದಿನದಿನಕ್ಕೂ ಸವೆಯುತ್ತದೆ. ಎರಡನೆಯದಕ್ಕೆ ನೀರಿನ ಮಟ್ಟದ ಹಳೆಯ ದಾಖಲೆ ಬೇಕು. ಬಾಯಿಮಾತು ಸಾಲದು.

ಕುಸಿತ ದೊಡ್ಡದಾದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಮೆಕ್ಸಿಕೊ ನಗರವೇ ಉದಾಹರಣೆ. ಮೆತ್ತನೆಯ ಕೆರೆ ಜೇಡಿಯ ಮೇಲೆ ನಿಂತ ಆ ನಗರ ತಲೆಮಾರುಗಳ ಕಾಲ ಅಂತರ್ಜಲ ಎತ್ತಿದ್ದರಿಂದ 20ನೇ ಶತಮಾನದಲ್ಲಿ ಅದರ ಕೆಲವು ಭಾಗಗಳು 9 ಮೀಟರಿಗೂ ಹೆಚ್ಚು ಕುಸಿದವು. ಒಂದು ಮನೆಯ ಗುಂಡಿಗೂ ಅದಕ್ಕೂ ಅಳತೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಮಣ್ಣು ನಡೆದುಕೊಳ್ಳುವ ರೀತಿ ಒಂದೇ.

ಮರದ ಗೂಟಗಳ ಮೇಲೆ ನಿಂತ ಹಳೆಯ ಕಟ್ಟಡಗಳ ಕಷ್ಟ ಬೇರೆ. ಪೂರ್ತಿ ನೀರಿನಲ್ಲಿ ಮುಳುಗಿರುವ ಮರ ನೂರಾರು ವರ್ಷ ಬಾಳುತ್ತದೆ. ನೀರು ಇಳಿದು ಗಾಳಿ ತಾಗಿದರೆ ಶಿಲೀಂಧ್ರ ಹತ್ತಿ ಕೊಳೆಯಲು ಶುರುವಾಗುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಇಂಥ ಕಟ್ಟಡಗಳು ತುಂಬ ಇರುವುದರಿಂದ, ಅಂತರ್ಜಲ ಮಟ್ಟವನ್ನು ಅಳೆಯುತ್ತಾ ಇರಲೆಂದೇ 1986ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು.

ಬಿರುಕು ಬಿಟ್ಟರೆ ಕಾರಣ ಪಂಪೇನಾ?

ಯಾವಾಗಲೂ ಅಲ್ಲ. ಮನೆ ಇಡಿಯಾಗಿ ಒಂದೇ ಸಮ 20 ಮಿಲಿಮೀಟರ್ ಇಳಿದರೆ ಗೋಡೆಗೆ ಏನೂ ಆಗದೇ ಇರಬಹುದು. ಬಿರುಕು ಬರುವುದು ಒಂದು ಮೂಲೆ ಇಳಿದು ಇನ್ನೊಂದು ಮೂಲೆ ಇಳಿಯದಿದ್ದಾಗ. 6 ಮೀಟರ್ ಉದ್ದದಲ್ಲಿ 20 ಮಿಲಿಮೀಟರ್ ವ್ಯತ್ಯಾಸ ಆದರೆ ಅದು 300ರಲ್ಲಿ ಒಂದು ಭಾಗ. ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಎಂಜಿನಿಯರುಗಳು 1956ರಲ್ಲಿ ಹಲವು ಕಟ್ಟಡಗಳ ಅಳತೆ ನೋಡಿ, ಗೋಡೆಗಳಲ್ಲಿ ಬಿರುಕು ಶುರುವಾಗುವ ಗಡಿ ಇದೇ ಅಂತ ಗುರುತಿಸಿದರು. ಇವತ್ತಿಗೂ ಆ ಅಂಕಿ ಬಳಕೆಯಲ್ಲಿದೆ.

ಪಂಪಿನಿಂದ ಆಗುವ ಕುಸಿತ ಅಗಲವಾಗಿ, ಮೆಲ್ಲಗೆ ಹರಡಿರುತ್ತದೆ. ಅದರಿಂದ ಎಲ್ಲ ಮನೆಗಳೂ ಒಡೆಯುವುದಿಲ್ಲ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಇದ್ದರೆ, ಅಥವಾ ಹಳೆಯ ಮನೆಗೆ ಬೇರೆ ಆಳದ ಪಾಯ ಹಾಕಿ ಹೊಸ ಕೋಣೆ ಸೇರಿಸಿದ್ದರೆ, ಸರಿಯಾಗಿ ಆ ಕೂಡುವ ಜಾಗದಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬದಲಾಗಿ ಗುಂಡಿಯ ಬದಿ ಸರಿಯಾದ ಆಸರೆ ಇಲ್ಲದೆ ಒಳಕ್ಕೆ ಬಾಗಿದ್ದರೆ, ಅದರ ಪೆಟ್ಟು ಗುಂಡಿಯ ಆಳದ ಎರಡು ಮೂರು ಪಟ್ಟು ದೂರದೊಳಗೇ ಬೀಳುವುದು ಹೆಚ್ಚು. ಗುಂಡಿಗೆ ಅಂಟಿಕೊಂಡ ಮನೆಗೆ ಈ ಎರಡೂ ತಾಗುತ್ತವೆ. ಕಂಬ ಬಡಿಯುವ ಅದುರು, ಬೇಸಿಗೆಯಲ್ಲಿ ಜೇಡಿ ಒಣಗುವುದು, ಗೋಡೆ ಪಕ್ಕದ ದೊಡ್ಡ ಮರ ನೀರು ಹೀರುವುದು ಇವೂ ಬಿರುಕಿಗೆ ಕಾರಣ ಆಗಬಲ್ಲವು.

ಹಾಗಾದರೆ ಪಕ್ಕದ ಮನೆಯವರು ಸಾಬೀತು ಮಾಡುವುದು ಹೇಗೆ? ಕೆಲಸ ಶುರುವಾಗುವ ಮೊದಲೇ ಗೋಡೆಗಳ ಫೋಟೊ ತೆಗೆದು, ಇರುವ ಬಿರುಕುಗಳ ಅಗಲ ಬರೆದಿಟ್ಟಿರಬೇಕು. ಎರಡೂ ಕಡೆಯವರು ಅದಕ್ಕೆ ಸಹಿ ಹಾಕಿರಬೇಕು. ಇದು ಪಕ್ಕದವರಿಗೆ ಮಾತ್ರ ಅಲ್ಲ, ಕಟ್ಟಿಸುವವರಿಗೂ ರಕ್ಷಣೆ. ಹತ್ತು ವರ್ಷದ ಹಳೆಯ ಬಿರುಕಿಗೆ ಯಾಕೆ ದಂಡ ಕಟ್ಟಬೇಕು, ಅಲ್ವಾ?

ಕೆಸರು ನೀರು ಬಂದರೆ ಕೆಲಸ ನಿಲ್ಲಿಸಬೇಕು

ಪಂಪಿನ ಪೈಪಿನಿಂದ ಬರುವ ನೀರಿನ ಬಣ್ಣವನ್ನು ದಾರಿಯಲ್ಲಿ ಹೋಗುವವರೂ ನೋಡಬಹುದು. ಶುರುವಿನಲ್ಲಿ ಸ್ವಲ್ಪ ಹೊತ್ತು ಕದಡಿದ ನೀರು ಬರುವುದು ಸಹಜ. ಆಮೇಲೆ ತಿಳಿಯಾಗಬೇಕು. ದಿನಗಟ್ಟಲೆ ಕೆಸರು ಬರುತ್ತಿದ್ದರೆ ನೆಲದಡಿಯ ಮಣ್ಣೇ ಹೊರಗೆ ಬರುತ್ತಿದೆ ಅಂತ ಅರ್ಥ.

ಲೆಕ್ಕ ನೋಡಿ. ಪಂಪ್ ಸೆಕೆಂಡಿಗೆ 5 ಲೀಟರ್ ಎತ್ತುತ್ತದೆ, ಪ್ರತಿ ಲೀಟರಿನಲ್ಲಿ 1 ಗ್ರಾಂ ಮಣ್ಣಿದೆ ಅಂದುಕೊಳ್ಳೋಣ. ದಿನಕ್ಕೆ 432 ಕಿಲೋ ಮಣ್ಣು ಹೋಯಿತು. ಎರಡು ತಿಂಗಳಿಗೆ ಸುಮಾರು 26 ಟನ್. ಅದು ಗುಂಡಿಯ ಒಳಗಿನದೇ ಆಗಿರಬೇಕಿಲ್ಲ, ಬದಿಯ ಮನೆಯ ಪಾಯದಡಿಯದೂ ಆಗಿರಬಹುದು. ಬಾವಿಯ ಸುತ್ತ ಸರಿಯಾದ ಅಳತೆಯ ಜಲ್ಲಿ ತುಂಬಿ ಸೋಸುವ ವ್ಯವಸ್ಥೆ ಮಾಡಿದ್ದರೆ ಹೀಗೆ ಆಗುವುದಿಲ್ಲ. ಇಷ್ಟು ಸಣ್ಣ ಕೆಲಸವನ್ನು ಬಿಟ್ಟು ಇನ್ನೊಬ್ಬರ ಮನೆಯನ್ನು ಅಪಾಯಕ್ಕೆ ಒಡ್ಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎತ್ತಿದ ನೀರು ಎಲ್ಲಿಗೆ?

ಸೆಕೆಂಡಿಗೆ 5 ಲೀಟರ್ ಅಂದರೆ ದಿನಕ್ಕೆ 4,32,000 ಲೀಟರ್. 60 ದಿನಕ್ಕೆ 2.59 ಕೋಟಿ ಲೀಟರ್. ಅಷ್ಟನ್ನೂ ಚರಂಡಿಗೆ ಬಿಟ್ಟರೆ ಮಳೆ ಬಂದಾಗ ಚರಂಡಿ ಉಕ್ಕುತ್ತದೆ. ಕ್ಯಾಲಿಫೋರ್ನಿಯಾದ ಪ್ಯಾಲೊ ಆಲ್ಟೊದಲ್ಲಿ 2010ರ ದಶಕದ ಬರಗಾಲದ ವರ್ಷಗಳಲ್ಲಿ ಇದೇ ದೊಡ್ಡ ವಿವಾದ ಆಯಿತು. ಜನರಿಗೆ ನೀರು ಉಳಿಸಿ ಅಂತ ಹೇಳುತ್ತಾ, ಬೇಸ್‌ಮೆಂಟ್ ಗುಂಡಿಗಳ ನೀರನ್ನು ಚರಂಡಿಗೆ ಹರಿಯಬಿಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಗರಾಡಳಿತ ಆಮೇಲೆ ನಿಯಮಗಳನ್ನು ಬಿಗಿ ಮಾಡಿತು. ಜರ್ಮನಿಯ ನೀರಿನ ಕಾಯ್ದೆ ಅಂತರ್ಜಲ ಎತ್ತುವುದನ್ನು ‘ನೀರಿನ ಬಳಕೆ’ ಅಂತಲೇ ಪರಿಗಣಿಸುತ್ತದೆ. ಗುಂಡಿ ಒಣಗಿಸುವುದಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು.

ಎತ್ತಿದ ನೀರನ್ನು ಸ್ವಲ್ಪ ದೂರದ ಬಾವಿಗಳ ಮೂಲಕ ಮತ್ತೆ ನೆಲಕ್ಕೆ ಇಳಿಸುವುದು ಒಳ್ಳೆಯ ದಾರಿ. ಪಕ್ಕದ ಮನೆಗಳ ಕೆಳಗೆ ನೀರಿನ ಮಟ್ಟ ಉಳಿಯುತ್ತದೆ, ನೀರೂ ಪೋಲಾಗುವುದಿಲ್ಲ. ಆದರೆ ತೀರಾ ಹತ್ತಿರ ಇಳಿಸಿದರೆ ಅದೇ ನೀರು ಸುತ್ತಿ ಗುಂಡಿಗೆ ಬರುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗಾಳಿ ತಾಗಿದ ಕೂಡಲೇ ತುಕ್ಕಿನ ಬಣ್ಣದ ಕೆಸರಾಗಿ ಬಾವಿಯ ಸಂದಿಗಳನ್ನು ಕಟ್ಟುತ್ತದೆ. ಇನ್ನೂ ಎರಡು ಕಡೆ ಎಚ್ಚರ ಬೇಕು. ಹತ್ತಿರದ ನೆಲಕ್ಕೆ ಪೆಟ್ರೋಲೋ ರಾಸಾಯನಿಕವೋ ಸೋರಿದ್ದರೆ ಪಂಪ್ ಆ ವಿಷವನ್ನು ತನ್ನ ಕಡೆಗೆ ಎಳೆಯುತ್ತದೆ. ಸಮುದ್ರ ಹತ್ತಿರ ಇದ್ದರೆ ಉಪ್ಪುನೀರನ್ನು ಎಳೆಯುತ್ತದೆ.

ನೀರನ್ನು ಹೊರಗೇ ತಡೆದರೆ?

ನೀರು ಇಳಿಸಲೇಬೇಡಿ, ಗುಂಡಿಯ ಸುತ್ತ ನೀರು ದಾಟದ ಗೋಡೆ ಇಳಿಸಿ ಅನ್ನುವುದು ಮೂರನೆಯ ವಾದ. ಒಂದಕ್ಕೊಂದು ಸಿಕ್ಕಿಸಿದ ಉಕ್ಕಿನ ಹಾಳೆಗಳು, ಒಂದನ್ನೊಂದು ಕೊರೆದುಕೊಂಡು ನಿಲ್ಲುವ ಕಾಂಕ್ರೀಟ್ ಕಂಬಗಳು ಇದಕ್ಕೆ ಬಳಕೆಯಲ್ಲಿವೆ. ಗೋಡೆಯ ಬುಡ ಕೆಳಗಿನ ಜೇಡಿ ಪದರಕ್ಕೆ ಚೆನ್ನಾಗಿ ಹೊಕ್ಕರೆ, ಒಳಗಿನ ನೀರನ್ನು ಮಾತ್ರ ತೆಗೆದರೆ ಸಾಕು. ಹೊರಗಿನ ಮಟ್ಟ ಹೆಚ್ಚು ಅಲ್ಲಾಡುವುದಿಲ್ಲ. ಮೆತ್ತನೆಯ ಮಣ್ಣು, ಹಳೆಯ ಮನೆಗಳು ಇರುವ ಕಡೆ ಸರಿಯಾದ ದಾರಿ ಇದೇ.

ಖರ್ಚು ಜಾಸ್ತಿ. ಅದಕ್ಕೇ ಸಣ್ಣ ಮನೆ ಕಟ್ಟಿಸುವವರು ಹಿಂಜರಿಯುತ್ತಾರೆ. ಅವರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಉಳಿಸಿದ ಖರ್ಚು ಪಕ್ಕದ ಮನೆಯ ಗೋಡೆಗೆ ವರ್ಗವಾಗುವುದಾದರೆ ಅದನ್ನು ಉಳಿತಾಯ ಅನ್ನಲಾಗದು. ಗೋಡೆ ಹಾಕಿದರೂ ಸಮಸ್ಯೆ ಪೂರ್ತಿ ಮುಗಿಯುವುದಿಲ್ಲ. ಸಾಲು ಮನೆಗಳೆಲ್ಲ ಆಳದ ಬೇಸ್‌ಮೆಂಟ್ ಕಟ್ಟಿದರೆ ನೆಲದಡಿ ಅಣೆಕಟ್ಟು ಕಟ್ಟಿದ ಹಾಗೆ ಆಗಿ, ಮೇಲಿನ ಕಡೆ ನೀರು ಏರುತ್ತದೆ, ಕೆಳಗಿನ ಕಡೆ ಇಳಿಯುತ್ತದೆ.

ಪಂಪ್ ನಿಲ್ಲಿಸುವ ದಿನ

ಪಂಪ್ ಯಾವಾಗ ಶುರು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ನಿಲ್ಲಿಸಬಹುದು ಅನ್ನುವುದೂ ಅಷ್ಟೇ ಮುಖ್ಯ. ಖಾಲಿ ಬೇಸ್‌ಮೆಂಟ್ ಅಂದರೆ ಒಂದು ಕಾಂಕ್ರೀಟ್ ದೋಣಿ.

10 ಮೀಟರ್ ಉದ್ದ, 8 ಮೀಟರ್ ಅಗಲದ ಬೇಸ್‌ಮೆಂಟಿನ ತಳ ನೀರಿನ ಮಟ್ಟಕ್ಕಿಂತ 2 ಮೀಟರ್ ಕೆಳಗಿದೆ ಅಂದುಕೊಳ್ಳಿ. ನೀರು ಅದನ್ನು 160 ಟನ್ ಬಲದಿಂದ ಮೇಲೆತ್ತುತ್ತದೆ. 40 ಸೆಂಟಿಮೀಟರ್ ದಪ್ಪದ ತಳಕ್ಕೆ ಸುಮಾರು 80 ಟನ್ ತೂಕ. 25 ಸೆಂಟಿಮೀಟರ್ ದಪ್ಪ, 3 ಮೀಟರ್ ಎತ್ತರದ ಗೋಡೆಗಳಿಗೆ ಸುಮಾರು 67 ಟನ್. ಒಟ್ಟು 147. ಈ ಹಂತದಲ್ಲಿ ಪಂಪ್ ನಿಂತರೆ ಇಡೀ ಪೆಟ್ಟಿಗೆ ತೇಲಬಹುದು, ವಾಲಬಹುದು. ಮೇಲಿನ 20 ಸೆಂಟಿಮೀಟರ್ ಸ್ಲ್ಯಾಬ್ ಬಿದ್ದರೆ 40 ಟನ್ ಸೇರಿ 187 ಆಗುತ್ತದೆ. ಆಗ ಸ್ವಲ್ಪ ನೆಮ್ಮದಿ. ಮಳೆಗಾಲದಲ್ಲಿ ನೀರು ಇನ್ನರ್ಧ ಮೀಟರ್ ಏರಿದರೆ ಮೇಲೆತ್ತುವ ಬಲ 200 ಟನ್ ಆಗಿ ಮತ್ತೆ ಅಪಾಯ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಇವತ್ತಿನ ನೀರಿನ ಮಟ್ಟಕ್ಕಲ್ಲ, ಬರಬಹುದಾದ ಅತಿ ಎತ್ತರದ ಮಟ್ಟಕ್ಕೆ.

ಕರೆಂಟ್ ಹೋದರೆ ತಾನಾಗಿ ಶುರುವಾಗುವ ಜನರೇಟರ್, ಕೆಟ್ಟರೆ ಹಾಕಲು ಇನ್ನೊಂದು ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಎಲ್ಲವೂ ಕೈಕೊಟ್ಟರೆ ಬೇಸ್‌ಮೆಂಟಿನೊಳಕ್ಕೆ ಬೇಕೆಂದೇ ನೀರು ಬಿಟ್ಟು ಭಾರ ಮಾಡುವುದೇ ಕೊನೆಯ ದಾರಿ. ನೋಡಲು ವಿಚಿತ್ರ ಅನಿಸಿದರೂ ಅದು ಮನೆಯನ್ನು ಉಳಿಸುತ್ತದೆ.

ತೋಡುವ ಮೊದಲು

ಅನುಮತಿ ಕೊಡುವವರೂ, ಪಕ್ಕದ ಮನೆಯವರೂ ಕೇಳಬಹುದಾದ ಪ್ರಶ್ನೆಗಳು ಕೆಲವೇ. ಮಣ್ಣು ಕೊರೆದು ನೋಡಿದ್ದೀರಾ, ಗುಂಡಿಯ ತಳಕ್ಕಿಂತ ಎಷ್ಟು ಕೆಳಗಿನವರೆಗೆ? ಜೇಡಿ ಪದರ ಇದೆಯಾ? ನೀರು ಎಷ್ಟು ಮೀಟರ್ ಇಳಿಸುತ್ತೀರಿ, ಎಷ್ಟು ದಿನ? ನೀರು ಎಲ್ಲಿಗೆ ಬಿಡುತ್ತೀರಿ? ಯಾವ ಮಟ್ಟಕ್ಕೆ ಇಳಿದರೆ, ಗೋಡೆ ಎಷ್ಟು ಮಿಲಿಮೀಟರ್ ಕೂತರೆ ಪಂಪ್ ನಿಧಾನ ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಲಾಗದವರು ಇನ್ನೂ ತಯಾರಾಗಿಲ್ಲ.

ಆ ಅಂಕಿಯನ್ನು ಹಿಡಿಯಲು ಬೇಕಾದದ್ದು ಅಗ್ಗದ ಸಾಧನ. ಗುಂಡಿಗೂ ಪಕ್ಕದ ಮನೆಗೂ ನಡುವೆ ತೂತುಗಳಿರುವ ಒಂದು ಸಣ್ಣ ಕೊಳವೆಯನ್ನು ನೆಲಕ್ಕೆ ಇಳಿಸಿ, ದಿನಾ ಅದರೊಳಗಿನ ನೀರಿನ ಆಳವನ್ನು ಟೇಪಿನಿಂದ ಅಳೆದು ಬರೆಯುವುದು. ಪಂಪ್ ಶುರುವಾಗುವ ಕೆಲವು ವಾರ ಮೊದಲೇ ಅಳತೆ ಶುರುವಾಗಬೇಕು, ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಗೋಡೆಗಳ ಮೇಲೆ ಗುರುತು ಮಾಡಿದ ಬಿಂದುಗಳ ಎತ್ತರವನ್ನೂ ಅದೇ ಪುಸ್ತಕದಲ್ಲಿ ದಾಖಲಿಸಬೇಕು. ಪುಸ್ತಕ ಎರಡೂ ಮನೆಯವರಿಗೆ ನೋಡಲು ಸಿಗಬೇಕು. ಪಂಪ್ ನಿಂತ ದಿನವೇ ಕೊಳವೆ ಕಿತ್ತು ಹೋಗುವುದು ಸಾಮಾನ್ಯ. ಅದನ್ನು ನೀರು ಹಳೆಯ ಮಟ್ಟಕ್ಕೆ ಬಂದದ್ದು ಕಣ್ಣಿಗೆ ಕಾಣುವವರೆಗೆ, ಜೇಡಿ ನೆಲದಲ್ಲಾದರೆ ಆಮೇಲೂ ಕೆಲವು ತಿಂಗಳು ಹಾಗೇ ಬಿಡಬೇಕು.